ಫಿನ್‌ಲ್ಯಾಂಡ್ ರಾಣಿಯ ಮೊಣಕೈ

ಅಮೆರಿಕದ ಬೆಲ್ವ್ಯೂನಲ್ಲಿರುವ ಮಗಳ ಮನೆಯಲ್ಲಿ ಕಳೆದ ವಸಂತಕಾಲದಲ್ಲಿ ಮೂರು ವಾರ ಒಬ್ಬ ರಾಣಿಯೂ ನಮ್ಮ ಜೊತೆಗಿದ್ದಳು. ಹನ್ನೆರಡು ವರ್ಷದ ಮೊಮ್ಮಗಳಿಗೆ ಸ್ಕೂಲಿನಲ್ಲಿ ಹಿಸ್ಟರಿ ಪ್ರಾಜೆಕ್ಟ್: ನಡೆಯದೇ ಹೋದದ್ದು ನಡೆದಿದ್ದರೆ ಇವತ್ತು ಏನಾಗಿರುತ್ತಿತ್ತು ಎಂದು ಬರೆದು, ಕ್ಲಾಸಿನ ಮುಂದೆ ಹೇಳಬೇಕು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಫಿನ್‌ಲ್ಯಾಂಡಿನವರು ಜರ್ಮನಿಯ ರಾಜಕುಮಾರನೊಬ್ಬನನ್ನು ತಮ್ಮ ರಾಜನೆಂದು ಆರಿಸಿದ್ದರಂತೆ. ಜರ್ಮನಿ ಸೋತಿತು, ಆತ ಬರಲೇ ಇಲ್ಲ. ಬಂದಿದ್ದರೆ ಈಗ ಅವನ ಮರಿಮಗಳು ರಾಣಿ ಎಂದು ತೀರ್ಮಾನಿಸಿ ಮೊಮ್ಮಗಳು ಅವಳ ಪ್ರೊಫೈಲ್ ಬರೆದಳು.

ಬರೆಯಲು ಅವಳಿಗೆ ಭಯವಿಲ್ಲ, ಹೇಳಲು ಭಯ. ಹಿಂದಿನ ಸಲ ಅರ್ಧಕ್ಕೇ ನಿಲ್ಲಿಸಿ ಅಳುತ್ತಾ ಕೂತುಬಿಟ್ಟಿದ್ದಳು.

ನನಗೆ ಓದಿ ತೋರಿಸಿದಳು. ಬರೀ ವಜ್ರ, ಕುದುರೆಗಾಡಿ.

"ಅದೆಲ್ಲಾ ಸರಿ ಬೇಟಾ, ಮನೇಲಿ ಏನು ಹಾಕ್ಕೋತಾಳೆ ನಿನ್ನ ರಾಣಿ?"

"ಐ ಡೋಂಟ್ ನೋ, ನಾನಿ. ಗೌನ್?"

ಆಗ ಅಬ್ಬಾನ ಕಥೆ ಹೇಳಿದೆ. ನಮ್ಮ ಅಬ್ಬಾ ಮೈಸೂರಿನಲ್ಲಿ ಅರಮನೆಯವರಿಗೆ ಕೋಟು ಹೊಲಿಯುತ್ತಿದ್ದ ದರ್ಜಿ. ಒಮ್ಮೆ ಒಂದು ಕೋಟು ರಿಪೇರಿಗೆ ಬಂತು, ಮೊಣಕೈ ಸವೆದು ಜಾಳಾಗಿತ್ತು. ಅಬ್ಬಾ ಒಳಮಡಿಕೆಯ ಬಟ್ಟೆಯನ್ನೇ ಕತ್ತರಿಸಿ, ಕಣ್ಣಿಗೆ ಕಾಣದಂತೆ ತೇಪೆ ಹಾಕಿದರು. ಯಾರ ಕೋಟು ಎಂದು ಎಷ್ಟು ಕಾಡಿದರೂ "ಮಾತು ಕೊಟ್ಟಿದೀನಮ್ಮ" ಎಂದು ನಕ್ಕರು. ಕೊನೆಯವರೆಗೂ ಹೇಳಲಿಲ್ಲ.

ಮೊಮ್ಮಗಳು ವಜ್ರಗಳನ್ನೆಲ್ಲ ಹೊಡೆದುಹಾಕಿದಳು, ತಾನೇ ರಾಣಿಯಾಗಿ ಮಾತಾಡುತ್ತೇನೆಂದಳು. ರಾಣಿಗೆ ನನ್ನ ಹಳೆಯ ಬೂದು ಸ್ವೆಟರ್ ಸಿಕ್ಕಿತು. ಅದರ ಮೊಣಕೈಗೆ ತೇಪೆ ಹಾಕಿದೆ. ಅಬ್ಬಾನ ಕೈ ನನಗೆ ಬರಲಿಲ್ಲ, ತೇಪೆ ದೂರಕ್ಕೇ ಕಾಣುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಮಾಡಿಸುತ್ತಿದ್ದ ಹಾಗೆ ಅವಳ ತಲೆಯ ಮೇಲೆ ಪುಸ್ತಕವಿಟ್ಟು ಮನೆಯ ಹಾಲ್‌ನಲ್ಲಿ ನಡೆಸಿದೆ. "ಚಿನ್ ಅಪ್. ಲಾಸ್ಟ್ ಬೆಂಚಿಗೆ ಕೇಳಿಸ್ಬೇಕು."

ಪ್ರಾಜೆಕ್ಟ್ ಹೇಳುವ ದಿನ ಸ್ಕೂಲಿಗೆ ಮನೆಯವರನ್ನೂ ಕರೆದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ರಾಣಿ ನಾಲ್ಕು ಸಾಲು ಹೇಳಿ ನಿಂತುಬಿಟ್ಟಳು. ಹಾಳೆಯನ್ನು ಮುಖಕ್ಕೆ ಮರೆಮಾಡಿಕೊಂಡಳು. ಟೀಚರ್ ಅವಳನ್ನು ಕೂರಿಸಲೆಂದು ಎದ್ದರು.

ನಾನು ಕೈಯೆತ್ತಿದೆ. ಕೈಯೆತ್ತದೆ ಕ್ಲಾಸಿನಲ್ಲಿ ಬಾಯಿ ತೆರೆದವಳಲ್ಲ ನಾನು. ಸಿಸ್ಟರ್‌ಗಳ ಇಂಗ್ಲಿಷಿನಲ್ಲೇ ಕೇಳಿದೆ:

"ಯುವರ್ ಮೆಜೆಸ್ಟಿ, ನಾನು ಮೈಸೂರಿನ ಪೇಪರಿನವಳು. ನಿಮ್ಮ ಮೊಣಕೈಗೆ ತೇಪೆ ಹಾಕಿದ್ದು ಯಾರು?"

ಅವಳು ನನ್ನನ್ನೇ ನೋಡಿದಳು. ನಿಧಾನವಾಗಿ ಗದ್ದ ಮೇಲೆದ್ದಿತು.

"ನಿಮ್ಮೂರಿನ ಟೈಲರ್ ಒಬ್ಬರು."

"ಹಾಗಾದರೆ ಅವರಿಗೆ ನಿಮ್ಮ ಗುಟ್ಟೆಲ್ಲ ಗೊತ್ತು."

"ಗೊತ್ತು. ಆದ್ರೆ ಎಷ್ಟು ಕಾಡಿದ್ರೂ ಹೇಳಲ್ಲ. ಮಾತು ಕೊಟ್ಟಿದ್ದಾರೆ."

ಲಾಸ್ಟ್ ಬೆಂಚಿಗೂ ಕೇಳಿಸಿತು. ಕ್ಲಾಸು ನಕ್ಕಿತು, ಆಮೇಲೆ ಎಲ್ಲರ ಕೈಗಳೂ ಮೇಲೆದ್ದವು. ರಾಣಿ ಬೆಳಿಗ್ಗೆ ಏನು ತಿನ್ನುತ್ತಾಳೆ, ಹೋಮ್‌ವರ್ಕ್ ಬ್ಯಾನ್ ಮಾಡಬಹುದಾ. ಹಾಳೆ ಮಡಚಿಟ್ಟು ಬೆಲ್ ಹೊಡೆಯುವವರೆಗೆ ಉತ್ತರ ಕೊಟ್ಟಳು.

ಆ ಸಂಜೆ ಚಳಿಯಾದಾಗ ಸ್ವೆಟರ್ ವಾಪಸ್ ಕೇಳಿದೆ. ರಾಣಿಯರ ಬಟ್ಟೆ ಹಾಗೆಲ್ಲ ವಾಪಸ್ ಕೇಳುವಂತಿಲ್ಲವಂತೆ.