ಧಾರಾವಾಹಿಗೆ ಸಿಕ್ಕ ಅಕ್ಕ

ಎಂಬತ್ತರ ದಶಕದ ಆರಂಭ. ನಾವು ಯಶವಂತಪುರದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ವಠಾರದಲ್ಲಿದ್ದೆವು. ನಾನು ಆಗ ಕಾಲೇಜು ಹುಡುಗಿ. ಪಕ್ಕದ ಮನೆಯವಳನ್ನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಅಲ್ಲಿ ಮಾಲು ಕದಿಯುತ್ತಿದ್ದವರನ್ನು ಹಿಡಿದುಕೊಟ್ಟನೆಂದು ಅವನನ್ನು ಹಳಿಯ ಪಕ್ಕದಲ್ಲೇ ಇರಿದು ಕೊಂದಿದ್ದರು. ಕೊಂದವರಿಗೆ ಜೈಲಾಯಿತು. ಅಕ್ಕ ರವಿಕೆ ಹೊಲಿದು ಪುಟ್ಟ ಮಗಳನ್ನು ಸಾಕುತ್ತಿದ್ದಳು.

ನಮ್ಮಮ್ಮನಿಗೆ ಧಾರಾವಾಹಿಗಳ ಹುಚ್ಚು. ವಾರಪತ್ರಿಕೆ ಬಂದ ಮಧ್ಯಾಹ್ನ ನಾನು ಗಟ್ಟಿಯಾಗಿ ಓದಬೇಕು, ಅವಳು ಅಕ್ಕಿ ಆರಿಸುತ್ತಾ ಕೇಳಬೇಕು. ಅಕ್ಕನೂ ರವಿಕೆಗೆ ಹುಕ್ಕು ಹಾಕುತ್ತಾ ಬಂದು ಕೂರುತ್ತಿದ್ದಳು. ಆ ವಾರ ಹೊಸ ಕಥೆ ಶುರುವಾಗಿತ್ತು. ರೈಲು ಹಳಿ, ಗುಮಾಸ್ತನ ಹೆಣ, ಎಡಗೆನ್ನೆಯ ಮೇಲೆ ಸುಟ್ಟ ಕಲೆಯಿದ್ದ ಹೆಂಡತಿ. ನಾನು ಓದು ನಿಲ್ಲಿಸಿ ತಲೆಯೆತ್ತಿದೆ. ಅಕ್ಕನ ಎಡಗೆನ್ನೆಯ ಮೇಲೂ ಅಂಥದೇ ಕಲೆ.

"ಓದೇ, ಯಾಕ್ ನಿಲ್ಲಿಸ್ದೆ?" ಎಂದಳು ಅಕ್ಕ.

ಮುಂದಿನ ಸಾಲಿನಲ್ಲಿ ಆ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ಪ್ರಿಯಕರನ ಕೈಗೆ ಚಾಕು ಕೊಡುತ್ತಿದ್ದಳು.

ಓದಿದೆ. ಅಮ್ಮನ ಮೊರ ಮಡಿಲಿನಿಂದ ಜಾರಿ ಅಕ್ಕಿಯೆಲ್ಲ ಚೆಲ್ಲಿತು. ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು. "ನಾನಾ? ಅವರನ್ನ ನಾನ್ ಕೊಲ್ಲಿಸ್ದೆನಾ?"

ವಾರ ಕಳೆಯುವುದರೊಳಗೆ ನಲ್ಲಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲತೊಡಗಿತು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಒಬ್ಬಾಕೆ ಹಾಗೇ ವಾಪಸು ಒಯ್ದಳು. ಲೇಖಕರ ಮನೆ ಆರ್.ಟಿ. ನಗರದಲ್ಲಿದೆಯೆಂದು ಅಪ್ಪ ಪತ್ತೆ ಮಾಡಿದರು. ಅಕ್ಕ ನನ್ನನ್ನು ಕರೆದುಕೊಂಡು ಹೊರಟಳು.

ಅವರು ಸಜ್ಜನರಂತೆಯೇ ಕಂಡರು, ಕಾಫಿ ತರಿಸಿದರು. ಅಕ್ಕನ ಗುರುತು ಹಿಡಿದದ್ದು ಅವರ ಮುಖದಲ್ಲೇ ಗೊತ್ತಾಯಿತು. ವಿಚಾರಣೆ ನಡೆದಾಗ ಕೋರ್ಟಿಗೆ ಬಂದಿದ್ದರಂತೆ.

"ಹೆಸರು ಬದಲಾಯ್ಸಿದೀನಲ್ಲಮ್ಮ. ಇದು ಬರೀ ಕಥೆ."

"ಹೆಸರೊಂದ್ ಬಿಟ್ಟು ಉಳಿದಿದ್ದೆಲ್ಲಾ ನಂದೇ ಅಲ್ವಾ ಸಾರ್?"

"ಪೇಪರಲ್ಲೆಲ್ಲಾ ಬಂದಿತ್ತು. ಊರಿಗೇ ಗೊತ್ತಿರೋ ವಿಷಯ ಬರೀಬಾರ್ದು ಅಂದ್ರೆ ಹೇಗಮ್ಮ?"

"ಕೊಲೆ ಊರಿಗೆಲ್ಲಾ ಗೊತ್ತು. ನನ್ನ ಮುಖ ಯಾಕ್ ತಗೊಂಡ್ರಿ? ಆ ಗಂಡಸನ್ನ ಎಲ್ಲಿಂದ ತಂದ್ರಿ?"

ಅವರು ಕನ್ನಡಕ ಒರೆಸಿಕೊಂಡರು. ಅಕ್ಕ ಮತ್ತೆ ಕೇಳಿದಳು: "ಕೊನೇಲಿ ಅವಳಿಗೆ ಏನ್ ಮಾಡ್ತೀರಾ?"

"ಬರೆದು ಕೊಟ್ಟಾಗಿದೆ. ರೈಲಿಗೆ ತಲೆ ಕೊಡ್ತಾಳೆ."

ಎದುರಿಗೆ ಕೂತವಳ ಸಾವನ್ನು ಅವರು ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ ಹೇಳಿದ್ದರು.

"ಮತ್ತೆ ಅವಳ ಮಗಳು?" ಎಂದಳು ಅಕ್ಕ.

"ಕಥೇಲಿ ಮಗಳಿಲ್ಲಮ್ಮ."

ಅಕ್ಕ ಕಾಫಿ ಮುಟ್ಟದೆ ಎದ್ದಳು. ಬಸ್ಸಿನಲ್ಲಿ ಉದ್ದಕ್ಕೂ, "ಮಗಳೇ ಇಲ್ವಂತೆ ಕಣೇ," ಎನ್ನುತ್ತಿದ್ದಳು. ಪ್ರಿಯಕರನ ಮಾತನ್ನು ಆಡಲೇ ಇಲ್ಲ.

ಕೊನೆಯ ಕಂತು ಅವರು ಹೇಳಿದಂತೆಯೇ ಬಂತು. ಅದನ್ನು ಓದಿದ್ದ ಎದುರು ಮನೆಯಾಕೆ, ಅಕ್ಕ ಸೊಪ್ಪು ಕೊಳ್ಳುತ್ತಾ ನಿಂತಿದ್ದನ್ನು ಕಂಡು, "ಅಯ್ಯೋ, ಇದೀಯಾ!" ಎಂದುಬಿಟ್ಟಳು. ಆ ಬೇಸಿಗೆಯಲ್ಲಿ ಅಕ್ಕ ಮಗಳೊಂದಿಗೆ ಯಲಹಂಕದ ಆಚೆ, ಪುಟ್ಟೇನಹಳ್ಳಿಗೆ ಮನೆ ಬದಲಾಯಿಸಿದಳು. ಅಲ್ಲಿ ಹೊಲಿಗೆ ಕೈಹಿಡಿಯಿತು.

ಕೆಲವು ವರ್ಷಗಳ ಮೇಲೆ ಸಿನಿಮಾದವರು ವಠಾರಕ್ಕೆ ಬಂದರು. "ಆ ಕಥೆಯ ಹೆಂಗಸಿದ್ದ ಮನೆ ಯಾವ್ದು?" ಎಂದು ಕೇಳಿದರು.

"ಅಂಥ ಹೆಂಗಸು ಇಲ್ಲಿ ಯಾವತ್ತೂ ಇರಲಿಲ್ಲ ಕಣ್ರೀ," ಎಂದು ಅಮ್ಮ ಬಾಗಿಲು ಹಾಕಿಕೊಂಡಳು.