ಜಯಮ್ಮನ ಅರ್ಜಿ

ಕಳೆದ ವಾರ ಕೌಂಟರಿನ ಕಿಂಡಿಯೊಳಗೆ ಯಾರೋ ಒಂದು ಫೈಲು ತೂರಿಸಿದರು. ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೆಳಗಿನಿಂದ ಅರ್ಜಿ ನೋಡಿ ನೋಡಿ ಮಂಕಾಗಿದ್ದ ನನಗೆ ದುದ್ದದ ಕಡೆಯ ಆ ಹವಾಲ್ದಾರರು ಎದುರಿಗೇ ಬಂದು ನಿಂತಂತಾಯಿತು…

ಮಂಡ್ಯದಲ್ಲಿ ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಆರೋಗ್ಯ ಕಾರ್ಡಿನ ಅರ್ಜಿ ತೆಗೆದುಕೊಳ್ಳುವ ಕೆಲಸ ನನ್ನದು. ಕೆಲವು ವರ್ಷಗಳ ಹಿಂದೆ ಆ ಹವಾಲ್ದಾರರು ಮಿಲಿಟರಿಯ ಕಪ್ಪು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಕಾಪಾಡಿದ್ದ ಕಾಗದಗಳನ್ನು ಒಂದು ಮೂಲೆಯೂ ಮಡಚದಂತೆ ಜೋಡಿಸಿ ತಂದಿದ್ದರು. ಹೆಂಡತಿಯ ಹೃದಯದ ಕವಾಟ ಕೆಟ್ಟಿತ್ತು, ಬೇಗ ಆಪರೇಷನ್ ಆಗಬೇಕಿತ್ತು, ಅದಕ್ಕೆ ಕಾರ್ಡು ಬೇಕಿತ್ತು. ಇಷ್ಟು ವರ್ಷ ಯಾಕೆ ಮಾಡಿಸಲಿಲ್ಲ ಎಂದು ಕೇಳಿದೆ.

"ಜಡ್ಡು ಬಂದಿರ್ನಿಲ್ಲ ಮೇಡಮ್ಮೋರೆ" ಎಂದರು.

ಫೋಟೊದ ಹಿನ್ನೆಲೆ ಬಿಳಿಯಾಗಿಲ್ಲವೆಂದು ಅರ್ಜಿ ವಾಪಸ್ ಕೊಟ್ಟೆ. ಎರಡನೇ ಸಲ ಬಂದಾಗ ಒಂದು ಸಹಿ ಬಿಟ್ಟುಹೋಗಿತ್ತು. ಮತ್ತೆ ವಾಪಸ್. ಮೂರನೇ ಸಲ ಹೆಂಡತಿಯ ಹೆಸರಿನ ಮೇಲೆ ಕಣ್ಣು ಬಿತ್ತು. ಮಿಲಿಟರಿ ದಾಖಲೆಯಲ್ಲಿ ಜಯಮ್ಮ, ಆಧಾರಿನಲ್ಲಿ ಪುಟ್ಟತಾಯಮ್ಮ.

"ಇವರಿಬ್ಬರಲ್ಲಿ ನಿಮ್ಮ ಹೆಂಡತಿ ಯಾರು ಯಜಮಾನ್ರೆ?" ಎಂದೆ. ಸ್ವಲ್ಪ ಕುಹಕವಾಗಿಯೇ ಕೇಳಿದ್ದೆ.

"ಇಬ್ರೂ ಅವ್ಳೇ ಕಣ್ರವ್ವ. ನಮ್ಮವ್ವನ ಹೆಸ್ರೂ ಪುಟ್ಟತಾಯಮ್ಮ. ಅತ್ತೆ ಹೆಸ್ರಿಡ್ದು ಸೊಸೇನ ಎಂಗ್ ಕೂಗದು? ಮದ್ವೆ ದಿಸ್ವೇ ಜಯಮ್ಮ ಅಂತ ಕರುದ್ರು. ಮಿಲ್ಟ್ರೀಲಿ ಎಂಡ್ತಿ ಹೆಸ್ರೇನು ಅಂದ್ರು, ನಾ ಕೂಗೋ ಹೆಸ್ರು ಬರಸ್ದೆ."

ನನಗೆ ಅರ್ಥವಾಗದೆ ಇರಲಿಲ್ಲ. ನಮ್ಮ ದೊಡ್ಡಮ್ಮನಿಗೂ ಗಂಡನ ಮನೆಯಲ್ಲಿ ಹೀಗೇ ಬೇರೆ ಹೆಸರಿಟ್ಟಿದ್ದರು. ಆದರೂ ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ತನ್ನಿ ಅಂತ ಫೈಲು ತಳ್ಳಿದೆ. ಈ ಮೂರನ್ನೂ ಮೊದಲ ದಿನವೇ ಹೇಳಬಹುದಿತ್ತು. ಒಂದು ತಪ್ಪು ಸಿಕ್ಕಿದರೆ ಅಲ್ಲಿಗೇ ಓದು ನಿಲ್ಲಿಸುವುದು ನಮ್ಮ ಕಚೇರಿಯ ರೂಢಿ… ನನ್ನದೂ ಅದೇ ಆಗಿತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂತೂ ಕಾರ್ಡು ಬಂತು. ಫೋನು ಮಾಡಿದೆ. ಹವಾಲ್ದಾರರು ತಲೆ ಬೋಳಿಸಿಕೊಂಡು ಬಂದಿದ್ದರು. ನಾನೇನೂ ಕೇಳಬೇಕಾಗಲಿಲ್ಲ. ಕಾರ್ಡಿನ ಮೇಲಿದ್ದ ಹೆಸರನ್ನು ಬೆರಳಿನಿಂದ ಸವರಿದರು.

"ಪುಟ್ಟತಾಯಮ್ಮ ಅಂತ ಬಂದದೆ. ಈ ಹೆಸ್ರಲ್ಲಿ ನಾ ಅವ್ಳ ಒಂದ್ ದಿನ್ವೂ ಕೂಗ್ನಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮುಂದಿನ ಸೋಮವಾರ ಬಂದು ಹೊರಗಿನ ಬೆಂಚಿನ ಮೇಲೆ ಕೂತು, ಸಾಲಿನಲ್ಲಿದ್ದವರ ಫೈಲುಗಳನ್ನು ಇಸಿದುಕೊಂಡು ಕೊನೆಯ ಹಾಳೆವರೆಗೆ ಓದತೊಡಗಿದರು. ಮಳವಳ್ಳಿಯವನೊಬ್ಬನನ್ನು ಗದರಿಸುತ್ತಿದ್ದುದು ಒಳಗೂ ಕೇಳುತ್ತಿತ್ತು: "ಏನ್ಲಾ, ನಿನ್ನೆಂಡ್ತಿಗೆ ನಿಮ್ಮನೇಲಿ ಬ್ಯಾರೆ ಹೆಸ್ರಿಕ್ಕಿದ್ರಾ? ಮೊದ್ಲು ಅಫಿಡವಿಟ್ ಮಾಡಿಸ್ಕೊಂಡ್ ಬಾ ಓಗ್ಲಾ!"

ಆಮೇಲೆ ಸೋಮವಾರದ ಅರ್ಜಿಗಳು ವಾಪಸಾಗುವುದೇ ಕಡಿಮೆಯಾಯಿತು. ಅವರನ್ನು ನೋಡಿ ನಾನೂ ತಪ್ಪುಗಳನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದುಕೊಡಲು ಕಲಿತೆ. ಎರಡು ವರ್ಷ ಹಾಗೇ ಬಂದರು. ಒಂದು ಸೋಮವಾರ ಬೆಂಚು ಖಾಲಿಯಿತ್ತು… ಹೋಗಿಬಿಟ್ಟರು ಎಂದು ಆ ಕಡೆಯವರು ಯಾರೋ ಹೇಳಿದರು.

ಈಗ ಎಲ್ಲ ಆನ್‌ಲೈನು. ಅರ್ಜಿ ತಿರಸ್ಕೃತವಾಗಿದೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ, ಜೊತೆಗೆ ಒಂದೇ ಒಂದು ಕಾರಣ. ಅದನ್ನು ಸರಿ ಮಾಡಿದರೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ತಿಳಿಸಿ ಎಂದು ಮೇಲಿನವರಿಗೆ ಬರೆದು ಬರೆದು ಸಾಕಾಗಿದೆ. ಜನ ಮಾತ್ರ ಮೊಬೈಲು ಹಿಡಿದುಕೊಂಡು ಮತ್ತೆ ಕಿಂಡಿಗೇ ಬರುತ್ತಾರೆ.

ಕಳೆದ ವಾರದ ಫೈಲು ಮದ್ದೂರು ಕಡೆಯ ಹೆಂಗಸೊಬ್ಬಳದು. ಗಂಡ ಹಾಸಿಗೆ ಹಿಡಿದಿದ್ದನಂತೆ, ತಾನೇ ಬಂದಿದ್ದಳು. ಕೊನೆಯ ಹಾಳೆವರೆಗೆ ಓದಿದೆ. ಅವಳಿಗೂ ಎರಡು ಹೆಸರು.

"ಅತ್ತೆ ಮನೇಲಿ ಬೇರೆ ಹೆಸರಿಟ್ಟಿದ್ರಾ?" ಎಂದೆ.

"ಊಂ ಕಣಮ್ಮ. ನಿಮ್ಗೆಂಗ್ ಗೊತ್ತಾಯ್ತು?"

ಏನೇನು ತರಬೇಕೆಂದು ಚೀಟಿ ಬರೆದುಕೊಟ್ಟೆ. ಅವಳ ಅರ್ಜಿ ಒಂದೇ ಸಲಕ್ಕೆ ಹೋಗುತ್ತದೆ. ಜಯಮ್ಮನದೂ ಹೋಗಬಹುದಿತ್ತು.