ಸೈರನ್ ಕೂಗಿದರೆ ಪಾತ್ರೆ ಮುಚ್ಚುತ್ತಿದ್ದವಳು

ಹೊಸಕೋಟೆಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದವಳ ತವರು ಸಮುದ್ರದ ದಡದಲ್ಲಿ, ಅಣುವಿದ್ಯುತ್ ಸ್ಥಾವರದ ಮಗ್ಗುಲಲ್ಲೇ ಇತ್ತು. ಗಂಡನಿಗೆ ಹತ್ತಿರದ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಫ್ಯಾಕ್ಟರಿಯ ಸೈರನ್ ಕೂಗಿದ್ದೇ ತಡ, ಒದ್ದೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಮ್ಮ ಮನೆಗೆ ಓಡಿಬಂದಳು. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆಯನ್ನು ರಟ್ಟೆ ಹಿಡಿದು ಒಳಗೆಳೆದಳು. ಕಿಟಕಿಗಳನ್ನೆಲ್ಲ ಹಾಕಿ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ಸ್ಥಾವರದಲ್ಲಿ ಅನಾಹುತವಾದರೆ ಹೀಗೇ ಮಾಡಬೇಕೆಂದು ಅವಳೂರಿನವರಿಗೆ ತಾಲೀಮು ಕೊಟ್ಟಿದ್ದರಂತೆ.

"ಅಯ್ಯೋ, ಅದು ಶಿಫ್ಟ್ ಬಿಡೋ ಸೈರನ್ ಕಣಮ್ಮಾ!" ಅತ್ತೆ ಬಿದ್ದು ಬಿದ್ದು ನಕ್ಕರು.

ಅವಳೂ ನಕ್ಕಳು. ನಗುತ್ತಲೇ ಅಪ್ಪನಿಗೆ ಫೋನ್ ಮಾಡಿದಳು. ಅವರು ಎತ್ತಲಿಲ್ಲ.

"ದಡದಲ್ಲಿರೋರಿಗೆ ಸೈರನ್ ಕೇಳ್ಸುತ್ತೆ ಅಕ್ಕಾ," ಎಂದಳು ನನಗೆ. "ಅಪ್ಪ ದೋಣೀಲಿರ್ತಾರೆ. ಅವ್ರಿಗೆ ಯಾರ್ ಹೇಳ್ತಾರೆ?"

ತಾಲೀಮಿನ ದಿನ ಅಪ್ಪ ಏನೂ ಗೊತ್ತಿಲ್ಲದೆ, ಬಲೆ ಹೊತ್ತು ಬಂದು, ಮುಚ್ಚಿದ ಬಾಗಿಲು ಬಡಿದಿದ್ದರಂತೆ.

ಆಮೇಲೆ ಸೈರನ್ ಕೂಗಿದಾಗಲೆಲ್ಲ ಪಾತ್ರೆ ಮುಚ್ಚಿ ಫೋನ್ ಹಿಡಿಯುವುದು ಅವಳಿಗೆ ರೂಢಿಯಾಯಿತು. "ಅಪ್ಪಾ, ದಡಕ್ಕೆ ಬಂದ್ರಾ?" ಅಂತ ಒಂದೇ ಪ್ರಶ್ನೆ. ಆ ಕಡೆಯಿಂದ ಅಪ್ಪನ ಬೈಗುಳ ಕೇಳಿಸಿದರೆ ಸಾಕು, ಮುಖ ಅರಳುತ್ತಿತ್ತು.

ಹೋದ ವರ್ಷ ಅವರು ಮನೆ ಖಾಲಿ ಮಾಡಿದರು. ಎಲ್ಲಿದ್ದಾರೋ ಗೊತ್ತಿಲ್ಲ. ಸೈರನ್ ಮಾತ್ರ ಈಗಲೂ ಕೂಗುತ್ತದೆ. ಅತ್ತೆ ಅವರೆಕಾಯಿ ಸುಲಿಯುವ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ:

"ಅವ್ರಪ್ಪ ದಡಕ್ಕೆ ಬಂದ್ರೋ ಇಲ್ವೋ?"